ಹಳೆಯ ರಥಕ್ಕೆ ಹೊಸ ಕುದುರೆ

ಮುದಿಯಾದ ಕುದುರೆಯನ್ನು ಬಿಚ್ಚಿ ಹರೆಯದ ಕುದುರೆಯನ್ನು ಹೂಡಿದ ಮಾತ್ರಕ್ಕೆ ರಥವು ಬೇರೆಯಾಯಿತೆಂದು ಪೂರ್ವಕಾಲದಲ್ಲಿ ಯಾರೂ ಶಂಕಿಸಿದಂತೆ ಕಾಣುವುದಿಲ್ಲ. ಕಠೋಪನಿಷತ್ತಿನಲ್ಲಿ ಶರೀರವು ರಥ, ಆತ್ಮನು ರಥದ ಒಡೆಯ, ಬುದ್ಧಿಯು ಸಾರಥಿ, ಮನಸ್ಸು ಲಗಾಮು. ಇಂದ್ರಿಯಗಳೆಂಬ ಕುದುರೆಗಳು ರಥಕ್ಕೆ ಹೊರಗಿನವಾಗಿ ಬೇರೆಯೇ ಎಣಿಕೆಗೆ ಬಂದಿವೆ. ಬೌದ್ಧರ ಮಿಲಿಂದಪ್ರಶ್ನದಲ್ಲಿ ನಾಗಸೇನಸ್ಥವಿರನು ಯವನರಾಜನನ್ನು ಕುರಿತು, ಅವನು ಏರಿಬಂದ ರಥವೆಂಬುದು ಯಾವುದೆಂದು ವಿಚಾರಿಸುತ್ತ ಈಸು, ಅಚ್ಚು, ಗಾಲಿ, ನೊಗ, ಲಗಾಮು, ಬಾರುಕೋಲು ಎಂದು ಒಂದೊಂದನ್ನೇ ಎತ್ತಿ ತೋರಿಸಿ, ಇವುಗಳಲ್ಲಿ ಯಾವುದೂ ರಥವಲ್ಲವೆಂದು ಅವನ ಬಾಯಿಂದಲೇ ಹೇಳಿಸುತ್ತಾನೆ. ಆ ಪಟ್ಟಿಯಲ್ಲಿ ಬಾರುಕೋಲಿಗೆ ಕೂಡ ಸ್ಥಾನ ದೊರೆತಿದೆ, ಕುದುರೆಗೆ ದೊರೆತಿಲ್ಲ. ಎಳೆಯುವುದು ಬೇರೆ, ಎಳೆಯಲ್ಪಡುವುದು ಬೇರೆ ಎಂಬ ಭಾವನೆ ಅಷ್ಟು ಸಹಜವಾಗಿತ್ತು.

ಮೋಟಾರು ಗಾಡಿಯು ಬಂದು ಈ ಸುಲಭವಾದ ವಿಭಾಗವನ್ನು ಕೆಡಿಸಿತು. ಅದು ಕುದುರೆಯನ್ನೇ ರಥದ ಹೊಟ್ಟೆಯೊಳಗೆ ಸೇರಿಸಿಕೊಂಡಿತು. ಹುಟ್ಟಿದ ವರ್ಷದಲ್ಲಿಯೇ ಅದಕ್ಕೆ ಎರಡು ಸ್ವಭಾವಗಳಿದ್ದುದು ಗಮನಿಸತಕ್ಕ ಸಂಗತಿ. ೧೮೮೬ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದ ಕಾರ್ಲ್ ಬೆಂಜ್ ಎಂಬಾತನು ಮೂರು ಗಾಲಿಯ ಗಾಡಿಯೊಂದಕ್ಕೆ ಪೇಟೆಂಟು ಪಡೆದನು. ಅದರ ಚೌಕಟ್ಟೂ ಎಂಜಿನ್ನೂ ಒಂದಕ್ಕೊಂದು ಹೊಂದುವಂತೆ ಮೊದಲಿನಿಂದಲೇ ಕಲ್ಪಿತವಾದವು. ಅದೇ ವರ್ಷ ಕಾನ್‌ಸ್ಟಾಟ್ ಎಂಬಲ್ಲಿ ಗೋಟ್ಲೀಬ್ ಡೈಮ್ಲರನು ಕುದುರೆ ಕಟ್ಟುವ ಸಾರೋಟೊಂದನ್ನು ತರಿಸಿ, ಅದರೊಳಗೆ ತನ್ನ ಎಂಜಿನ್ನನ್ನು ಕೂರಿಸಿ ಓಡಿಸಿದನು. ಬೆಂಜನ ಗಾಡಿಯಲ್ಲಿ ಎಂಜಿನ್ನು ಅಂಗ. ಡೈಮ್ಲರನ ಗಾಡಿಯಲ್ಲಿ ಅದು ಹೂಡಿದ ಕುದುರೆ. ಎಂಜಿನ್ನನ್ನು ಬದಲಾಯಿಸಿದರೆ ಗಾಡಿಯು ಅದೇ ಆಗಿ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಯು ಮೋಟಾರು ಗಾಡಿಯ ಒಡಹುಟ್ಟೆಂದೇ ಹೇಳಬೇಕು.

ಈ ಪ್ರಶ್ನೆ ಈಗ ಬರಿಯ ತರ್ಕವಿನೋದವಾಗಿ ಉಳಿದಿಲ್ಲ. ಅಮೆರಿಕಾ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಹಳೆಯ ಸುಂದರವಾದ ಕಾರನ್ನು ಕೊಂಡು, ಅದರ ಮೈಯನ್ನು ಹಾಗೆಯೇ ಇರಿಸಿ, ಒಳಗಿನ ಎಂಜಿನ್ನನ್ನು ಕಿತ್ತು, ಇಂದಿನ ಮಹಾಬಲದ ಎಂಜಿನ್ನನ್ನು ಕೂರಿಸುವುದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಒಂದು ನಿದರ್ಶನ: ಅಮೆರಿಕಾದ ಷೆವ್ರೊಲೆ ಕಂಪೆನಿಯು ೧೯೫೫ರಲ್ಲಿ ಹೊರತಂದ ಕಾರಿಗೆ ಎಂಟು ಸಿಲಿಂಡರುಗಳ, ೨೬೫ ಘನ ಅಂಗುಲದ ಎಂಜಿನ್ನು ದೊರೆಯುತ್ತಿತ್ತು, ಅದರ ಸಾಧಾರಣ ಮಾದರಿಯ ಬಲ ೧೬೨ ಕುದುರೆಗಳದು. ಅದೇ ಮನೆತನದಲ್ಲಿ ೧೯೯೭ರ ಕಾರ್ವೆಟ್ ಗಾಡಿಗೆಂದು ಹುಟ್ಟಿದ ಎಲ್.ಎಸ್. ೧ ಎಂಬ ಅಲ್ಯೂಮಿನಿಯಮ್ಮಿನ ಎಂಜಿನ್ನಿಗೆ ೩೪೫ ಕುದುರೆಗಳ ಬಲವುಂಟು. ಹಳೆಯ ಎಣಿಕೆಯು ಎಂಜಿನ್ನನ್ನು ಗಾಡಿಯಿಂದ ಹೊರಗಿಟ್ಟು, ಅದರ ಮೇಲಿನ ಇತರ ಹೊರೆಗಳನ್ನು ಕಳಚಿ ಅಳೆದದ್ದು. ಗಾಡಿಯಲ್ಲಿ ಕೂತಿರುವ ಸ್ಥಿತಿಯಲ್ಲಿ ಅಳೆಯುವ ಪದ್ಧತಿಯು ಅಲ್ಲಿ ೧೯೭೨ರ ಸುಮಾರಿಗೆ ನೆಲೆಗೊಂಡಿತು. ಆದಕಾರಣ ಇವೆರಡರ ನಿಜವಾದ ಅಂತರವು ಅಂಕಿಗಳು ಹೇಳುವುದಕ್ಕಿಂತ ಹೆಚ್ಚಿನದು. ಇಂತಹ ಎಂಜಿನ್ನುಗಳನ್ನು, ಎಷ್ಟೋ ಸಲ ಅಪಘಾತದಲ್ಲಿ ಜಜ್ಜಿಹೋದ ಹೊಸ ಗಾಡಿಗಳಿಂದ ಕಿತ್ತು ತಂದು, ಐವತ್ತು ಅರವತ್ತು ವರ್ಷಗಳ ಹಿಂದಿನ ಗಾಡಿಗಳಿಗೆ ಜೋಡಿಸುತ್ತಾರೆ.

ಆದರೆ ಎಂಜಿನ್ನೊಂದನ್ನೇ ಬದಲಾಯಿಸಿ ಸುಮ್ಮನಾಗುವುದು ಸಾಧ್ಯವಿಲ್ಲ. ಹೊಸ ಎಂಜಿನ್ನಿನ ಕಾವನ್ನು ತಣಿಸುವುದು ಹಳೆಯ ರೇಡಿಯೇಟರಿನಿಂದ ಆಗದು. ಅದರ ತಿರುಚುಬಲವನ್ನು ಹಳೆಯ ಗೇರುಪೆಟ್ಟಿಗೆಯೂ ಹಿಂದಿನ ಅಚ್ಚೂ ತಾಳಲಾರವು. ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಓಡುವ ವಸ್ತುವಿನಲ್ಲಿ ಅಡಗಿರುವ ಶಕ್ತಿಯು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆಂಬುದು ಹೈಸ್ಕೂಲಿನ ಪಾಠ: ವೇಗವು ಎರಡರಷ್ಟಾದರೆ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿಯು ನಾಲ್ಕರಷ್ಟು. ೧೯೫೫ರ ಆ ಗಾಡಿಗೆ ನಾಲ್ಕು ಗಾಲಿಗಳಿಗೂ ಡ್ರಮ್ಮಿನ ಬ್ರೇಕುಗಳೇ ಇದ್ದವು. ಮೇಲಿಂದ ಮೇಲೆ ಒತ್ತಿದರೆ ಅವು ಕಾದು ಹಿಡಿತ ಬಿಡುತ್ತವೆ. ಆದ್ದರಿಂದ ಎಂಜಿನ್ನಿನ ಹಿಂದೆ ಗೇರು, ಗೇರಿನ ಹಿಂದೆ ಅಚ್ಚು, ಅಚ್ಚಿನ ಹಿಂದೆ ಬ್ರೇಕು, ಬ್ರೇಕಿನ ಹಿಂದೆ ಸ್ಪ್ರಿಂಗು, ಸ್ಟೀರಿಂಗು ಎಂದು ಒಂದನ್ನೊಂದು ಎಳೆದುಕೊಂಡು ಬರುತ್ತವೆ. ತಾರ್ಕಿಕರು ಇದನ್ನು ಅನವಸ್ಥೆಯೆಂದಾರು. ಇಲ್ಲಿ ಅದಕ್ಕೆ ಒಂದು ಕೊನೆಯುಂಟು. ಯಾವುದೆಂದರೆ, ಕಣ್ಣಿಗೆ ಕಾಣುವ ತಗಡಿನ ಹೊರತು ಬೇರೇನೂ ಹಳೆಯದಾಗಿ ಉಳಿಯದ ಸ್ಥಿತಿ.

ಇಲ್ಲಿ ಎರಡು ವಿಚಾರಗಳನ್ನು ಬಿಡಿಸಿಕೊಳ್ಳಬೇಕು. ಇದು ಆ ಹಳೆಯ ಗಾಡಿಯೇ ಹೌದೋ ಅಲ್ಲವೋ ಎಂಬುದು ತತ್ತ್ವವಿಚಾರ. ಹೀಗೆ ಮಾಡಬಹುದೋ ಬಾರದೋ ಎಂಬುದು ಧರ್ಮವಿಚಾರ. ಚರ್ಚೆ ಮಾಡುವವರು ಬಹುಮಟ್ಟಿಗೆ ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದೂ ತೀರಿತೆಂದು ಭಾವಿಸುತ್ತಾರೆ. ಅದೇ ಗಾಡಿಯಾದರೆ ಮಾಡಿದ್ದು ಸರಿ, ಬೇರೆಯಾದರೆ ತಪ್ಪು ಎಂದು ಅವರ ಎಣಿಕೆ.

ಮೊದಲನೆಯ ವಿಚಾರಕ್ಕೆ ಬೇತಾಳನ ಕಥೆಯೊಂದು ಒದಗುತ್ತದೆ. ಗಂಡನೂ ಒಡಹುಟ್ಟಿದವನೂ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಂಡು ಬಿದ್ದಿರಲು, ದೇವಿಯು ಪ್ರಸನ್ನಳಾಗಿ ತಲೆಗಳನ್ನು ಕೂಡಿಸೆಂದು ಹೆಣ್ಣಿಗೆ ಅಪ್ಪಣೆ ಕೊಡುತ್ತಾಳೆ. ಆಕೆಯು ಸಂಭ್ರಮದಲ್ಲಿ ಒಬ್ಬನ ತಲೆಯನ್ನು ಮತ್ತೊಬ್ಬನ ಮುಂಡಕ್ಕೆ ಕೂಡಿಸಿಬಿಡುತ್ತಾಳೆ. ಇಬ್ಬರಲ್ಲಿ ಗಂಡನಾರು ಎಂಬ ಬೇತಾಳನ ಪ್ರಶ್ನೆಗೆ ರಾಜನು, ತಲೆಯು ಉತ್ತಮಾಂಗವಾದ್ದರಿಂದ ಗಂಡನ ತಲೆ ಯಾರ ಮೇಲಿದೆಯೋ ಅವನೇ ಗಂಡನೆಂದು ತೀರ್ಪು ಕೊಡುತ್ತಾನೆ. ರಾಜನ ಯುಕ್ತಿಯೇನೋ ಚೆನ್ನಾಗಿದೆ. ಆದರೆ ಮೋಟಾರು ಗಾಡಿಯ ಉತ್ತಮಾಂಗ ಯಾವುದು?

ಈ ವಿಷಯದಲ್ಲಿ ನಾಡುನಾಡಿಗೆ ಅಭಿಪ್ರಾಯ ಬೇರೆ. ಬ್ರಿಟನ್ನಿನ ವಾಹನ ನೋಂದಣಿಯ ಇಲಾಖೆಯು ಬಹಳವಾಗಿ ಮಾರ್ಪಾಡಾದ ಗಾಡಿಗಳು ಹಳೆಯ ನಂಬರನ್ನು ಉಳಿಸಿಕೊಳ್ಳಬಹುದೋ ಎಂದು ನಿರ್ಧರಿಸಲು ಬಹುಕಾಲ ಒಂದು ಅಂಕಪದ್ಧತಿಯನ್ನು ಅನುಸರಿಸಿತು. ಅದರಲ್ಲಿ ಅಡಿಚೌಕಟ್ಟಿಗೆ, ಎಂದರೆ ಚಾಸಿಗೆ, ೫ ಅಂಕ, ಸ್ಪ್ರಿಂಗುಗಳ ಏರ್ಪಾಟಿಗೆ, ಅಚ್ಚುಗಳಿಗೆ, ಗೇರಿನ ಭಾಗಕ್ಕೆ, ಸ್ಟೀರಿಂಗಿಗೆ ತಲಾ ೨, ಎಂಜಿನ್ನಿಗೆ ೧. ಎಂಟು ಅಂಕ ಬಂದರೆ ಗಾಡಿಯು ಪಾಸು. ಎಂಜಿನ್ನಿಲ್ಲದೆಯೇ ಹದಿಮೂರು ಅಂಕ ಗಳಿಸಬಹುದಾದ ಈ ಪರೀಕ್ಷೆಯಲ್ಲಿ ಡೈಮ್ಲರನ ಭಾವವೇ ಗೆದ್ದಿತೆನ್ನಬಹುದು. ಅಮೆರಿಕಾದ ಸಂಗ್ರಾಹಕರ ಲೆಕ್ಕ ಇದಕ್ಕೆ ವಿಪರೀತ. ಗಾಡಿಯ ಮೇಲಿನ ಸಂಖ್ಯೆಗೂ ಎಂಜಿನ್ನಿನ ಎರಕದ ಮೇಲಿನ ಸಂಖ್ಯೆಗೂ ತಾಳೆಯಾದರೆ ಒಂದು ಬೆಲೆ, ಆಗದಿದ್ದರೆ ಅದಕ್ಕೆ ಎಷ್ಟೋ ಕಡಮೆಯಾದ ಇನ್ನೊಂದು ಬೆಲೆ. ಒಂದು ಸಮುದ್ರದ ಎರಡು ದಡಗಳಲ್ಲಿ ಒಂದೇ ಅಂಗವು ಒಂದು ಕಡೆ ಕಾಲಿನ ಉಗುರು, ಇನ್ನೊಂದು ಕಡೆ ಶಿರಸ್ಸು.

ನೈಯಾಯಿಕರನ್ನು ಕೇಳಿದರೆ ಅವರು ಇನ್ನೂ ಕಠಿನರು. ಅವಯವಗಳ ಕೂಟಕ್ಕಿಂತ ಭಿನ್ನವಾದ ಅವಯವಿಯೆಂಬ ಒಂದು ವಸ್ತುವುಂಟೆಂದು ಅವರ ಮತ. ಬಟ್ಟೆಯ ಒಂದು ನೂಲು ಹೋದರೂ ಹಳೆಯ ಬಟ್ಟೆ ನಾಶವಾಗಿ, ಉಳಿದ ನೂಲುಗಳಿಂದ ಹೊಸದೊಂದು ಬಟ್ಟೆ ಹುಟ್ಟಿತೆಂದು ಅವರು ಸಾಧಿಸುತ್ತಾರೆ. ಹಾಗಿದ್ದರೆ ಎಂಜಿನ್ನು ಹಾಗಿರಲಿ, ಒಂದು ತಿರುಪಿನ ಮೊಳೆಯನ್ನು ಬದಲಾಯಿಸಿದರೂ ಕಾರು ಬೇರೆಯದೇ! ಹಾಗಾದರೆ 'ಅವನೇ ಈ ದೇವದತ್ತ' ಎಂಬ ಪ್ರತ್ಯಭಿಜ್ಞೆಗೆ ಗತಿಯೇನು ಎಂದರೆ, ಜಾತಿ ಒಂದೇ ಆದ್ದರಿಂದ ಹಾಗೆ ತೋರುತ್ತದೆಂದು ಸಮಾಧಾನ ಹೇಳಿ ಪಾರಾಗುತ್ತಾರೆ. ಶಾಸ್ತ್ರದಲ್ಲಿ ಇದಕ್ಕೆ ಸ್ಥಾನವಿರಬಹುದು. ಮನೆಯ ಹಳೆಯ ಮಂಚವನ್ನು ಗುರುತಿಸುವ ಮುದುಕಿಗೆ ಈ ಸಮಾಧಾನ ಒಪ್ಪಿಗೆಯಾಗುವುದು ಕಷ್ಟ.

ಇದೇ ಪ್ರಶ್ನೆಯು ಒಮ್ಮೆ ಲಂಡನ್ನಿನ ಹೈಕೋರ್ಟಿನ ಮುಂದೆ ಬಂದಿತು. ಆ ವ್ಯಾಜ್ಯದ ವೃತ್ತಾಂತವು ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದು.

ಬೆಂಟ್ಲಿ ಕಂಪೆನಿಯವರು ಕಟ್ಟಿದ, ಆರು ಸಿಲಿಂಡರುಗಳ ಆರೂವರೆ ಲೀಟರಿನ 'ಸ್ಪೀಡ್ ಸಿಕ್ಸ್' ಎಂಬ ಜಾತಿಯ ಒಂದು ಪಂದ್ಯದ ಗಾಡಿಗೆ 'ಓಲ್ಡ್ ನಂಬರ್ ಒನ್' ಎಂದು ಹೆಸರು. ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಎಡೆಬಿಡದೆ ನಡೆಯುವ ಪಂದ್ಯವನ್ನು ಅದು ೧೯೨೯ರಲ್ಲಿ ಗೆದ್ದಿತು. ೧೯೩೦ರಲ್ಲಿ ಮತ್ತೆ ಗೆದ್ದಿತು. ಎರಡು ಸಲವೂ ಅದನ್ನು ಓಡಿಸಿದವರಲ್ಲಿ ಒಬ್ಬನು ವುಲ್ಫ್ ಬಾರ್ನಾಟೊ. ಬಳಿಕ ಕಂಪೆನಿಯು ಪಂದ್ಯಗಳಿಂದ ಹಿಂದೆಗೆಯಿತು. ೧೯೩೧ರಲ್ಲಿ ಸಾಲದಲ್ಲಿ ಮುಳುಗಿ ರೋಲ್ಸ್‌ರಾಯ್ಸಿನವರ ಕೈಸೇರಿತು. ಆದರೆ ಗಾಡಿಯ ದುಡಿಮೆ ನಿಲ್ಲಲಿಲ್ಲ. ೧೯೩೨ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಐನೂರು ಮೈಲಿಯ ಪಂದ್ಯಕ್ಕೆಂದು ಅದಕ್ಕೆ ಬೇರೆ ಚೌಕಟ್ಟು ಬಂದಿತು. ಆರೂವರೆ ಲೀಟರಿನ ಎಂಜಿನ್ನು ಹೋಗಿ, ಅದಕ್ಕಿಂತ ಬಲಶಾಲಿಯಾದ ಎಂಟು ಲೀಟರಿನ ಎಂಜಿನ್ನು ಕೂತಿತು. ಆ ಪಂದ್ಯದಲ್ಲಿ ಗಾಡಿಯು ಓಟದ ದಾರಿಯ ಏರುದಿಬ್ಬವನ್ನು ಮೀರಿ ಹಾರಿಹೋಗಿ, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಎಂಬ ತರುಣನು ಸತ್ತನು. ಮುರಿದುದನ್ನು ಮತ್ತೆ ಕಟ್ಟಿದರು. ರಸ್ತೆಯ ಓಡಾಟಕ್ಕೆ ತಕ್ಕ ಬೇರೆ ಮೈಯನ್ನು ತೊಡಿಸಿದರು. ಮುಂದೆ ಅದನ್ನೂ ತೆಗೆದು ಹಳೆಯ ಪಂದ್ಯದ ರೂಪವನ್ನು ಹೋಲುವ ಮೈಯನ್ನು ತೊಡಿಸಿದ್ದಾಯಿತು.

೧೯೯೦ರಲ್ಲಿ ಅದರ ಒಡೆಯನು ಗಾಡಿಯನ್ನು ಒಂದು ಕಂಪೆನಿಗೆ ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡನು. ಕೊಳ್ಳುವವರು ಆಮೇಲೆ, ಇದು ಲೆ ಮಾನಿನಲ್ಲಿ ಗೆದ್ದ ಗಾಡಿಯೇ ಅಲ್ಲವೆಂದು ಹಿಂದೆಗೆದರು. ಮೊಕದ್ದಮೆಯು ನ್ಯಾಯಾಧಿಪತಿ ಆಟನ್ನರ ಮುಂದೆ ನಡೆಯಿತು. ಅಂಗಾಂಗಗಳನ್ನು ಪರೀಕ್ಷಿಸಿ ಅವರು ಕಂಡುಕೊಂಡ ಫಲ ಮಾರುವವನಿಗೆ ಎದೆಗುಂದಿಸುವಂತಹದು. ೧೯೨೯ರ ಗಾಡಿಯದೆಂದು ನಿಶ್ಚಯಿಸಿ ಹೇಳಬಹುದಾದ ಭಾಗ ಒಂದೂ ಉಳಿದಿರಲಿಲ್ಲ. ಕಾಲ ನಿರ್ಣಯಿಸಲಾಗದ ಕೆಲವು ಚಿಲ್ಲರೆ ಸಾಮಾನುಗಳಿದ್ದವು, ಅಷ್ಟೆ. ೧೯೩೦ರ ಗಾಡಿಯದೆಂದು ಹೇಳಬಹುದಾದವು ಪೆಡಲಿನ ದಂಡ, ಗೇರುಪೆಟ್ಟಿಗೆಯ ಹೊರಕವಚ, ಸ್ಟೀರಿಂಗಿನ ಕಂಬ, ಈ ಮೂರೇ. ಚೌಕಟ್ಟು, ಅಚ್ಚು, ಎಂಟು ಲೀಟರಿನ ಎಂಜಿನ್ನು ಮುಂತಾದುವು ೧೯೩೨ರವು. ಎರಡು ಪಂದ್ಯಗಳನ್ನು ಗೆದ್ದ ಎಂಜಿನ್ನು ಅದರಲ್ಲಿ ಇರಲೇ ಇಲ್ಲ.

ಆದರೂ ತೀರ್ಪು ಮಾರುವವನ ಕಡೆಗೆ ಆಯಿತು. ನ್ಯಾಯಾಧಿಪತಿಗಳ ವಾದಸರಣಿಯ ಸಾರವಿಷ್ಟು: ಉಳಿದಿರುವ ಭಾಗಗಳನ್ನು ತಕ್ಕಡಿಯಲ್ಲಿ ತೂಗಿ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಇದು ಸತ್ತು ಹುಟ್ಟಿದ ಗಾಡಿಯಲ್ಲ, ಕ್ರಮವಾಗಿ ವಿಕಾಸ ಹೊಂದಿದ ಗಾಡಿ. ಹೊಸ ಭಾಗಗಳು ಹಳೆಯದರೊಳಗೆ ಎಷ್ಟು ನಿಧಾನವಾಗಿ, ಎಷ್ಟು ಕಾಲದ ಮೇಲೆ ಬೆರೆತುವೆಂದರೆ, ಗಾಡಿಯು ತನ್ನತನವನ್ನು ಕಳೆದುಕೊಂಡ ಘಳಿಗೆಯೆಂಬುದು ಬರಲೇ ಇಲ್ಲ. ಜೊತೆಗೆ, ಇದೇ ಹೆಸರಿಗೆ ಹಕ್ಕು ಹೂಡಬಲ್ಲ ಬೇರೊಂದು ಗಾಡಿಯು ಲೋಕದಲ್ಲಿ ಇಲ್ಲ. ಮಾರಾಟಕ್ಕೆ ಬಂದದ್ದು ಲೋಹ ಮಾತ್ರವಲ್ಲ. ಅದರ ಚರಿತ್ರೆ ಮತ್ತು ಕೀರ್ತಿ. ಆದರೆ ಇದನ್ನು 'ಮೂಲದಲ್ಲಿದ್ದಂತೆಯೇ ಇರುವುದು' ಎಂದು ಯಾರೂ ಕರೆಯಕೂಡದೆಂಬುದನ್ನೂ ಅವರು ತಿಳಿಸಿದರು.

ಬೇರೊಬ್ಬ ಹಕ್ಕುದಾರನಿಲ್ಲವೆಂಬ ಮಾತು ಸಣ್ಣದಲ್ಲ. ಗ್ರೀಕರ ವೀರನಾದ ಥೀಸಿಯಸನ ಹಡಗಿನ ಹಲಗೆಗಳನ್ನು ಕೊಳೆತಂತೆಲ್ಲ ಬದಲಾಯಿಸುತ್ತ ಬಂದರೆ ಅದು ಅದೇ ಹಡಗೋ ಎಂದು ಪ್ಲುಟಾರ್ಕನ ಕಾಲದಿಂದ ಕೇಳುತ್ತ ಬಂದಿದ್ದಾರೆ. ಇಂಗ್ಲೆಂಡಿನ ತಾಮಸ್ ಹಾಬ್ಸನು ೧೬೫೫ರ ತನ್ನ ಗ್ರಂಥದಲ್ಲಿ ಇದಕ್ಕೆ ಒಂದು ಕೊಂಡಿಯನ್ನು ಸೇರಿಸಿದನು: ಯಾರಾದರೊಬ್ಬನು ಆ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು ಅದೇ ಕ್ರಮದಲ್ಲಿ ಮತ್ತೊಂದು ಹಡಗನ್ನು ಕಟ್ಟಿದರೆ, ಎರಡರಲ್ಲಿ ಯಾವುದು ಥೀಸಿಯಸನದು? ಎಂಜಿನ್ನು ಬದಲಾಯಿಸುವವರಿಗೆ ಈ ಕೊಂಡಿ ಚುಚ್ಚದೆ ಬಿಡುವುದಿಲ್ಲ. ಕಿತ್ತ ಎಂಜಿನ್ನನ್ನು ಮಾರಿದರೆ ಅದು ಇನ್ನೊಂದು ಗಾಡಿಯ ಹೊಟ್ಟೆ ಸೇರುತ್ತದೆ. ಆಗ ಆ ಗಾಡಿಯೂ ತನ್ನ ಎದೆಯೊಳಗೆ ನಿಜವಾದ ಹಳೆಯ ಗಾಡಿಯಿದೆಯೆಂದು ಹೇಳಲು ಸಂದು ಸಿಕ್ಕುತ್ತದೆ.

ಹೀಗೆ ಮೊದಲನೆಯ ವಿಚಾರದಲ್ಲಿ ಆಟನ್ನರ ತೀರ್ಪೇ ಲೋಕಾನುಭವಕ್ಕೆ ಹತ್ತಿರವೆಂದು ತೋರುತ್ತದೆ. ಮನುಷ್ಯನ ಮೈಯಲ್ಲಿ ಬಾಲ್ಯದ ಕಣಗಳೆಷ್ಟು ಉಳಿದಿವೆಯೆಂದು ಲೆಕ್ಕಹಾಕಿ ಅವನನ್ನು ಗುರುತಿಸುವವರಿಲ್ಲ. ಅವನ ಬಾಳಿನ ಎಳೆ ಕಡಿಯದಿದ್ದರೆ ಸಾಕು. ಹಾಗಾದರೆ ೧೯೩೨ರಲ್ಲಿ ನಡೆದ ಎಂಜಿನ್ನಿನ ಬದಲಾವಣೆಯನ್ನು ಒಪ್ಪಿದವರು ಇಂದು ನಡೆಯುವುದನ್ನೂ ಒಪ್ಪಬೇಕಲ್ಲವೆ ಎಂದು ಕೇಳಬಹುದು. ಗಾಡಿಯು ಅದೇ ಎಂಬಷ್ಟರ ಮಟ್ಟಿಗೆ ಒಪ್ಪಲು ಅಡ್ಡಿಯಿಲ್ಲ. ಧರ್ಮವಿಚಾರ ಮಾತ್ರ ಅಷ್ಟರಿಂದ ತೀರುವುದಿಲ್ಲ.

ತೀರುವುದಿಲ್ಲವೆಂಬುದಕ್ಕೆ ಯಯಾತಿಯೇ ಸಾಕ್ಷಿ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಡಸಿದ ಆ ರಾಜನು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬೇಡಿದನು. ಉಳಿದವರು ಒಲ್ಲೆನೆಂದರು, ಪೂರುವು ತನ್ನ ಯೌವನವನ್ನು ಕೊಟ್ಟು ತಂದೆಯ ಮುಪ್ಪನ್ನು ತಾನು ಹೊತ್ತನು. ಮಗನ ಹರೆಯವು ಮೈಯಲ್ಲಿ ತುಂಬಿದ ಮೇಲೆ ಇವನು ಯಯಾತಿಯಲ್ಲವೆಂದು ಯಾರೂ ಹೇಳಲಿಲ್ಲ. ಸಿಂಹಾಸನ ಅವನದೇ, ಪತ್ನಿಯರು ಅವನವರೇ. ಸ್ವರೂಪಕ್ಕೆ ಯಾವ ಹಾನಿಯೂ ಬರಲಿಲ್ಲ. ಆದರೂ ಮಹಾಭಾರತದ ವಾಚಕರಿಗೆ ಅವನ ನಡತೆಯಲ್ಲಿ ಏನೋ ಒಂದು ಒಪ್ಪದು. ವಯಸ್ಸಿನಿಂದ ಬಂದ ಪದವಿಯೂ ಗೌರವವೂ ತನಗಿರಬೇಕು, ವಯಸ್ಸಿನ ಮಿತಿ ಮಾತ್ರ ಇರಕೂಡದು ಎಂಬ ಆಸೆಯೇ ಆ ಒಪ್ಪದ ಅಂಶ. ಅವನ ಪಕ್ಷದಲ್ಲಿ ಇಷ್ಟನ್ನು ಹೇಳಬೇಕು: ಪಡೆದದ್ದನ್ನು ಅವನು ಕೊನೆಗೆ ಮಗನಿಗೆ ಹಿಂದಿರುಗಿಸಿದನು, ಹಿಂದಿರುಗಿಸುವುದಕ್ಕೆ ಪೂರುವಿನ ಯೌವನವು ಕೆಡದೆ ಉಳಿದೂ ಇತ್ತು.

ಹಳೆಯ ಕಾರಿನ ಒಡೆಯನು ಮೊದಲು ಎತ್ತುವ ವಾದವೆಂದರೆ ಸ್ವಾಮ್ಯದ್ದು. ಗಾಡಿ ತನ್ನದು, ಹಣ ತನ್ನದು. ಅದರಲ್ಲಿ ಪರರಿಗೇನು ಮಾತು? ಇದಕ್ಕೆ ಒಂದು ಉತ್ತರ ರಸ್ತೆಯಲ್ಲಿಯೇ ಇದೆ. ರಸ್ತೆ ಅವನದಲ್ಲ. ೧೬೨ ಕುದುರೆಗಳಿಗೆ ಸಾಕಾಗುವಂತೆ ಮಾಡಿದ ಬ್ರೇಕನ್ನು ಹಾಗೆಯೇ ಬಿಟ್ಟು ಅದರ ಎರಡರಷ್ಟು ಬಲವನ್ನು ಹೂಡುವವನು ಪಣಕ್ಕಿಡುವುದು ತನ್ನ ಪ್ರಾಣವೊಂದನ್ನೇ ಅಲ್ಲ. ಭಾರತದ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು, ತಯಾರಕನು ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಒಡೆಯನು ಮನಸ್ವಿಯಾಗಿ ಮಾರ್ಪಡಿಸಕೂಡದೆಂದು ತಡೆದಿರುವುದರ ತಾತ್ಪರ್ಯವೂ ಇದೇ. ಇನ್ನೊಂದು ಉತ್ತರ ಮುಂದೆ ಕೊಳ್ಳುವವನದು. ಮಾರ್ಪಾಡನ್ನು ಮುಚ್ಚಿ ಹಳೆಯ ಹೆಸರಿನಲ್ಲಿ ಮಾರುವುದು ಬರಿಯ ವಂಚನೆ; ಅದರ ಮೇಲೆ ಹೆಚ್ಚು ಬರೆಯುವುದು ಅನಾವಶ್ಯಕ.

ಎರಡನೆಯ ವಾದ ಹೆಚ್ಚು ಬಲವಾದುದು. ಅದನ್ನು ಹಗುರವಾಗಿ ತಳ್ಳುವವರು ಹಳೆಯ ಗಾಡಿಗಳ ಗತಿಯನ್ನು ಕಂಡವರಲ್ಲ. ಎಂಜಿನ್ನು ಸತ್ತು, ಬಿಡಿಭಾಗ ಸಿಕ್ಕದೆ, ತುಕ್ಕು ಹಿಡಿದು, ಕೊಟ್ಟಿಗೆಯ ಮೂಲೆಯಲ್ಲಿ ಕೋಳಿಗಳಿಗೆ ಗೂಡಾಗಿರುವ ಗಾಡಿಗೆ ಹೊಸ ಎಂಜಿನ್ನು ಹಾಕಿದರೆ ಅದು ಮತ್ತೆ ಹತ್ತಾರು ವರ್ಷ ಬಾಳುತ್ತದೆ. ಹಾಕದಿದ್ದರೆ ಗುಜರಿಗೆ ಹೋಗುತ್ತದೆ. ಶುದ್ಧಿಯ ಹೆಸರಿನಲ್ಲಿ ಸಾವನ್ನು ವಿಧಿಸುವುದು ಯಾವ ನ್ಯಾಯ? ಈ ವಾದಕ್ಕೆ ತಲೆದೂಗಲೇಬೇಕು. ಮೂಲದ ಎಂಜಿನ್ನು ನಿಜವಾಗಿ ಕಳೆದುಹೋಗಿರುವಲ್ಲಿ, ಅಂತಹ ಗಾಡಿಗಳು ಸಾವಿರಗಟ್ಟಲೆ ಉಳಿದಿರುವಲ್ಲಿ, ಬ್ರೇಕು ಮುಂತಾದುವನ್ನು ಬಲಕ್ಕೆ ತಕ್ಕಂತೆ ಮಾಡಿಸಿದಲ್ಲಿ, ಎಂಜಿನ್ನು ಬದಲಾಯಿಸಿದವನನ್ನು ಹಳಿಯಲು ಕಾರಣವಿಲ್ಲ. ಆದರೆ ಈ ಉದ್ಯಮದಲ್ಲಿ ಸತ್ತ ಎಂಜಿನ್ನುಗಳೇ ಹೋಗುತ್ತಿಲ್ಲ. ಆರೋಗ್ಯವಾಗಿ ಓಡುತ್ತಿರುವ ಎಂಜಿನ್ನುಗಳನ್ನು, ನಿಧಾನವೆಂಬ ಒಂದೇ ಅಪರಾಧಕ್ಕಾಗಿ, ಎತ್ತಿ ಹೊರಗಿಡುತ್ತಿದ್ದಾರೆ. ಇಲ್ಲಿ ಯಯಾತಿಯ ನೆನಪಾಗುತ್ತದೆ.

ಬೆಂಟ್ಲಿಗೂ ಇಂತಹ ಗಾಡಿಗೂ ಇರುವ ಭೇದವನ್ನು ಈಗ ಹೇಳಬಹುದು. ೧೯೩೨ರಲ್ಲಿ ಆ ಗಾಡಿಯು ಇನ್ನೂ ದುಡಿಮೆಯಲ್ಲಿತ್ತು. ವೇಗವಾಗಿ ಓಡುವುದೇ ಅದರ ವೃತ್ತಿ; ಹೆಚ್ಚಿನ ಎಂಜಿನ್ನನ್ನು ಪಡೆದದ್ದು ಅದರ ವೃತ್ತಿಯ ಒಂದು ಘಟ್ಟ, ಅದರ ಚರಿತ್ರೆಯ ಒಂದು ಅಧ್ಯಾಯ. ದುಡಿಮೆಯಿಂದ ನಿವೃತ್ತವಾದ ಗಾಡಿಯ ವೃತ್ತಿ ಬೇರೆ. ಅದು ಸಾಕ್ಷಿ ಹೇಳುವುದಕ್ಕೆ ಉಳಿದಿರುತ್ತದೆ. ಅಂದಿನ ರಸ್ತೆ ಎಂತಹದು, ಅಂದಿನ ಜನಕ್ಕೆ ಎಷ್ಟು ವೇಗ ಸಾಕಾಗಿತ್ತು, ಒಂದು ಏರನ್ನು ಏರಬೇಕಾದರೆ ಓಡಿಸುವವನು ಎಷ್ಟು ಮುಂಚೆ ಯೋಚಿಸಿ ಗೇರು ಬದಲಾಯಿಸಬೇಕಾಗಿತ್ತು, ಇವುಗಳನ್ನು ಅದು ಗ್ರಂಥದಂತೆ ಹೇಳುವುದಿಲ್ಲ. ಓಡಿಸುವವನ ಕೈಕಾಲುಗಳಿಗೆ ಕಲಿಸುತ್ತದೆ. ಸಾಕ್ಷಿಯ ಹೇಳಿಕೆಯು ಮಂದವಾಗಿದೆಯೆಂದು ಅವನ ಬಾಯಿಗೆ ಬೇರೆ ನಾಲಗೆಯನ್ನು ಹೊಲಿಯುವವರುಂಟೆ? ಭಾರತದಲ್ಲಿ ೨೦೨೧ರಲ್ಲಿ ಬಂದ ನಿಯಮಗಳ ಪ್ರಕಾರ, 'ವಿಂಟೇಜ್' ಎಂದು ನೋಂದಣಿ ಪಡೆಯಬೇಕಾದ ಗಾಡಿಗೆ ಐವತ್ತು ವರ್ಷ ಮೀರಿರುವುದಷ್ಟೇ ಸಾಲದು. ಅದು ಮೂಲರೂಪದಲ್ಲಿ ಉಳಿದಿರಬೇಕು, ಚಾಸಿಯಾಗಲಿ ಮೈಯಾಗಲಿ ಎಂಜಿನ್ನಾಗಲಿ ಗಣನೀಯವಾಗಿ ಮಾರ್ಪಾಡಾಗಿರಕೂಡದು. ಇಲ್ಲಿ ಎಂಜಿನ್ನು ಚಾಸಿಯ ಸಮಪಂಕ್ತಿಯಲ್ಲಿ ಕೂತಿದೆ. ಬೆಂಜನ ಭಾವಕ್ಕೆ ಗೆಲವು.

ರೂಪಕ್ಕೂ ಒಳಗಿನ ಯಂತ್ರಕ್ಕೂ ಇರುವ ಸಂಬಂಧವು ಇಂಗ್ಲೆಂಡಿನ ಜಾಗ್ವಾರ್ ಇ ಟೈಪ್ ಕಾರಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ೧೯೬೧ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಬೆಳಕಿಗೆ ಬಂದ ಆ ಗಾಡಿಯ ಮುಂಭಾಗವು ಅಸಾಧಾರಣವಾಗಿ ಉದ್ದ. ನೋಡಿದವರು ಅದನ್ನು ಬರಿಯ ಅಂದಕ್ಕೆ ಎಳೆದ ಗೆರೆಯೆಂದು ತಿಳಿಯಬಾರದು. ಅದರಡಿಯಲ್ಲಿ ಆರು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ ನಿಂತ ೩.೮ ಲೀಟರಿನ ಎಂಜಿನ್ನು ಮಲಗಬೇಕಾಗಿತ್ತು. ೨೦೧೭ರಲ್ಲಿ ಅದೇ ಕಂಪೆನಿಯವರು ಇಂತಹ ಒಂದು ಗಾಡಿಯಿಂದ ಎಂಜಿನ್ನನ್ನು ತೆಗೆದು, ಆ ಸ್ಥಳದಲ್ಲಿ ಅದೇ ಅಳತೆಯ ವಿದ್ಯುತ್ಕೋಶಗಳ ಗಂಟನ್ನೂ ಗೇರುಪೆಟ್ಟಿಗೆಯ ಜಾಗದಲ್ಲಿ ೨೨೦ ಕಿಲೋವ್ಯಾಟಿನ ವಿದ್ಯುತ್ ಮೋಟಾರನ್ನೂ ಇಟ್ಟರು. ಗಾಡಿಯು ಮೊದಲಿಗಿಂತ ೪೬ ಕಿಲೋಗ್ರಾಂ ಹಗುರವಾಯಿತು, ಮೊದಲಿಗಿಂತ ಚುರುಕಾಗಿ ವೇಗ ಹೆಚ್ಚಿಸಿಕೊಳ್ಳುವಂತಾಯಿತು. ಮಾರನೆಯ ವರ್ಷ ರಾಜಕುಮಾರ ಹ್ಯಾರಿಯ ಮದುವೆಯ ಸಂಜೆ ವಧೂವರರು ಅದರಲ್ಲಿ ಹೋದುದನ್ನು ಲೋಕವೆಲ್ಲ ನೋಡಿತು. ಶಿಲ್ಪಿಗಳ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಆ ಉದ್ದಕ್ಕೆ ಈಗ ಕಾರಣವೆಲ್ಲಿದೆ? ಮೊದಲು ಯಂತ್ರದ ಅಳತೆಗೆ ಮೈ ಹೊಲಿದಿತ್ತು. ಈಗ ಮೈಯ ಅಳತೆಗೆ ಯಂತ್ರವನ್ನು ಕತ್ತರಿಸಿದಂತಾಯಿತು. ಮುಖವಾಗಿದ್ದುದು ಮುಖವಾಡವಾಯಿತು. ಹೊಗೆ ಕಡಮೆಯಾಯಿತಲ್ಲ ಎನ್ನುವವರು, ಇಂತಹ ಗಾಡಿಗಳು ವರ್ಷಕ್ಕೆ ಎಷ್ಟು ದಿನ ಮನೆಬಿಟ್ಟು ಹೊರಡುತ್ತವೆಂಬುದನ್ನು ನೆನೆಯಬೇಕು.

ಜಾಗ್ವಾರಿನವರ ಕೆಲಸದಲ್ಲಿಯೂ ಒಂದು ವಿವೇಕವಿತ್ತೆಂಬುದನ್ನು ಬಿಡಲಾಗದು. ಗಾಡಿಯ ಮೈಯನ್ನು ಕೊರೆಯದೆ, ಬೇಕೆಂದಾಗ ಹಳೆಯ ಎಂಜಿನ್ನನ್ನು ಮತ್ತೆ ಕೂರಿಸುವಂತೆ ಅವರು ಏರ್ಪಡಿಸಿದ್ದರು. ೨೦೧೮ರ ಕೊನೆಯಲ್ಲಿ ಆಸ್ಟನ್ ಮಾರ್ಟಿನ್ ಕಂಪೆನಿಯವರು ೧೯೭೦ರ ಡಿ.ಬಿ. ೬ ಎಂಬ ಗಾಡಿಗೆ ಇದೇ ಬಗೆಯ ವಿದ್ಯುತ್ ಯಂತ್ರವನ್ನು ಹಳೆಯ ಎಂಜಿನ್ನೂ ಗೇರುಪೆಟ್ಟಿಗೆಯೂ ನಿಂತಿದ್ದ ಅದೇ ಆಧಾರಗಳ ಮೇಲೆಯೇ ನಿಲ್ಲಿಸಿದರು. ಹಳೆಯ ವಾಹನಗಳ ಸಂರಕ್ಷಣೆಗಾಗಿ ೧೯೬೬ರಲ್ಲಿ ಹುಟ್ಟಿದ ಫೀವಾ ಎಂಬ ಅಂತರರಾಷ್ಟ್ರೀಯ ಒಕ್ಕೂಟವು ಇಂತಹ ಗಾಡಿಯನ್ನು ಚಾರಿತ್ರಿಕ ವಾಹನವೆಂದು ಒಪ್ಪಲು ಸಿದ್ಧವಿಲ್ಲ. ಆದರೂ ಮಾರ್ಪಡಿಸಲೇಬೇಕೆಂದು ಹೊರಟ ಒಡೆಯರಿಗೆ ಅದು ಹೇಳುವುದೇನೆಂದರೆ, ಏನನ್ನು ಮಾಡಿದರೂ ಹಿಂದಕ್ಕೆ ತಿರುಗಿಸಬರುವಂತೆ ಮಾಡಿ. ತೆಗೆದ ಪ್ರತಿಯೊಂದು ಮೂಲಭಾಗಕ್ಕೂ ಗುರುತು ಹಚ್ಚಿ ಜೋಪಾನವಾಗಿರಿಸಿ ಎಂದು. ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪವೆಂದು ಹೆಸರಾದ, ನಂಬಿ ಇಟ್ಟ ಒಡವೆಯ ವಿಷಯದಲ್ಲಿ ಹೇಳಿದ ಕಟ್ಟಳೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಹಳೆಯ ಗಾಡಿಯ ಒಡೆಯನು ಪೂರ್ತಿಯಾಗಿ ನಿಕ್ಷೇಪಧಾರಿಯಲ್ಲ, ಅವನು ಬೆಲೆ ಕೊಟ್ಟು ಕೊಂಡವನು. ಆದರೆ ತಾನು ಮಾಡದಿದ್ದುದನ್ನು, ಇನ್ನು ಯಾರೂ ಮಾಡಲಾರದುದನ್ನು ಕೈಯಲ್ಲಿ ಹಿಡಿದಿರುವಷ್ಟರ ಮಟ್ಟಿಗೆ ಅವನು ಬರಿಯ ಒಡೆಯನೂ ಅಲ್ಲ.

ಜೋಪಾನವೆಂಬುದು ಇಲ್ಲಿ ಬಾಯಿಮಾತಿನಿಂದ ಆಗುವುದಲ್ಲ. ಎರಕದ ಕಬ್ಬಿಣದ ಸಿಲಿಂಡರು ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಸುಮ್ಮನೆ ಮೂಲೆಗೆ ತಳ್ಳಿದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಉಂಗುರಗಳು ಗೋಡೆಗೆ ಅಂಟಿಕೊಂಡು, ಕೆಲವೇ ವರ್ಷಗಳಲ್ಲಿ ಅದು ಎಂಜಿನ್ನಲ್ಲ, ಗುಂಡುಕಲ್ಲು. ಅದರೊಳಗಿನ ನೀರನ್ನೆಲ್ಲ ಬಸಿಯಬೇಕು. ಒಂದೊಂದು ಸಿಲಿಂಡರಿನ ಬಾಯೊಳಕ್ಕೂ ಎಣ್ಣೆ ಬಿಟ್ಟು ರಂಧ್ರಗಳನ್ನು ಮುಚ್ಚಬೇಕು. ನೆಲದ ತೇವ ತಾಗದಂತೆ ಮರದ ಪೀಠದ ಮೇಲಿರಿಸಿ ಗಾಡಿಯ ಸಂಖ್ಯೆಯನ್ನೂ ತೆಗೆದ ದಿನವನ್ನೂ ಬರೆದ ಚೀಟಿಯನ್ನು ಕಟ್ಟಬೇಕು. ಕೆಲವು ತಿಂಗಳಿಗೊಮ್ಮೆ ಯಾರಾದರೂ ಹೋಗಿ ಅದರ ದಂಡವನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ ಬರಬೇಕು.